‘ಬಂತು’ ಅಲ್ಲ, ‘ಬಂದರು’

ನಮ್ಮ ಊರು ಅರಸೀಕೆರೆ ಕಡೆ. ನಾನು ಚಿಕ್ಕವನಿದ್ದಾಗ ಅಲ್ಲಿ ಒಂದು ಮಾತಿನ ಚಾಳಿ ಇತ್ತು. ಕಾಲು ಸರಿಯಿಲ್ಲದವರು ಯಾರಾದರೂ ಬೀದಿಯಲ್ಲಿ ಬಂದರೆ ‘ನೋಡ್ರೋ, ಕುಂಟು ಬಂತು’ ಅನ್ನೋರು. ಬಂದ ಅಲ್ಲ, ಬಂದಳು ಅಲ್ಲ, ಬಂತು. ದನ ಬಂತು, ಬಸ್ಸು ಬಂತು ಅನ್ನೋ ಹಾಗೆ. ನನ್ನ ತಂಗಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಪೋಲಿಯೊ ಬಂದು ಎಡಗಾಲು ಸೊರಗಿತು. ಅವಳು ಆ ‘ಬಂತು’ ಕೇಳಿಕೊಂಡೇ ದೊಡ್ಡವಳಾದಳು. ಹೇಳುವವರಲ್ಲಿ ಕೆಟ್ಟವರು ಕಡಿಮೆ. ಅಕ್ಕರೆಯಿಂದ ಒಂದು ಲೋಟ ಮಜ್ಜಿಗೆ ಕೊಡುವವರೂ ಹಾಗೇ ಹೇಳುತ್ತಿದ್ದರು.

ಈ ವ್ಯಾಕರಣ ನನಗೆ ಚುಚ್ಚಿದ್ದು ಕನ್ನಡದಲ್ಲಲ್ಲ, ಕಿಗಾಲಿಯಲ್ಲಿ. ಆಫ್ರಿಕಾದ ರುವಾಂಡಾ ದೇಶದ ರಾಜಧಾನಿ ಅದು, ನಾನು ಇಲ್ಲಿಗೆ ಬಂದು ಏಳು ವರ್ಷವಾಯಿತು. ಇಲ್ಲಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಬಂದ ಮೊದಲ ವರ್ಷ ಸಂಜೆ ಹೊತ್ತು ಸಹೋದ್ಯೋಗಿಯೊಬ್ಬರ ಹತ್ತಿರ ಕಿನ್ಯರ್ವಾಂಡಾ ಕಲಿಯುತ್ತಿದ್ದೆ. ಈ ಭಾಷೆಯಲ್ಲಿ ನಾಮಪದಗಳಿಗೆ ಗುಂಪುಗಳಿವೆ. ಮನುಷ್ಯರ ಪದಗಳು ಹೆಚ್ಚಾಗಿ ‘ಉಮು’ ಅಂತ ಶುರುವಾಗುತ್ತವೆ, ಬಹುವಚನಕ್ಕೆ ‘ಅಬಾ’. ಉಮುಂತು ಅಂದರೆ ಮನುಷ್ಯ, ಅಬಾಂತು ಅಂದರೆ ಮನುಷ್ಯರು. ವಸ್ತುಗಳಿಗೆ ಇರುವ ಗುಂಪು ‘ಇಕಿ’. ಇಕಿಂತು ಅಂದರೆ ವಸ್ತು. ಒಂದು ದಿನ ‘ಅಂಗವಿಕಲ’ ಅನ್ನೋಕೆ ಏನಂತೀರಿ ಅಂತ ಕೇಳಿದೆ. ಅವರು ಸ್ವಲ್ಪ ತಡೆದರು. ಹಿಂದೆ ‘ಇಕಿಮುಗಾ’ ಅನ್ನುತ್ತಿದ್ದರು, ಈಗ ಹಾಗೆ ಹೇಳಬಾರದು ಅಂದರು. ಇಕಿಮುಗಾ ಅಂದರೆ ಒಡೆದ ಮಡಕೆ. ಇನ್ನು ನೀರು ನಿಲ್ಲದ ಚೂರು. ಈಗ ಹೇಳಬೇಕಾದ್ದು ‘ಉಮುಂತು ಉಫಿತೆ ಉಬುಮುಗಾ’. ಊನ ಇರುವ ಮನುಷ್ಯ. ಊನ ಹೋಗಿಲ್ಲ, ಆದರೆ ಮನುಷ್ಯ ಮೊದಲು ಬಂದ. ‘ಇಕಿ’ ಗುಂಪಿನಿಂದ ‘ಉಮು’ ಗುಂಪಿಗೆ ದಾಟಿದ.

ನನಗೆ ತಂಗಿ ನೆನಪಾದಳು. ನಮ್ಮ ಬೀದಿಯ ಹುಡುಗಿಯರು ಕುಂಟೆಬಿಲ್ಲೆ ಆಡುವಾಗ ಅವಳು ಜಗಲಿ ಮೇಲೆ ಕೂತು ಅವರಿಗೆ ಬೋಕಿ ಮಾಡಿಕೊಡುತ್ತಿದ್ದಳು. ಒಡೆದ ಮಡಕೆಯ ಚೂರನ್ನು ಕಲ್ಲಿಗೆ ತಿಕ್ಕಿ ತಿಕ್ಕಿ, ಅಂಚು ನುಣುಪು ಮಾಡಿ, ಗುಂಡಗೆ. ಬೀದಿಯ ಅತ್ಯುತ್ತಮ ಬೋಕಿ ಅವಳ ಕೈಯದ್ದು. ಆಟಕ್ಕೆ ಮಾತ್ರ ಅವಳನ್ನು ಕರೆಯುತ್ತಿರಲಿಲ್ಲ.

ರುವಾಂಡಾ ಅಂದರೆ ನಮ್ಮವರಿಗೆ ನೆನಪಾಗುವುದು 1994. ಅದನ್ನು ಬಿಟ್ಟು ಇಲ್ಲಿನ ಶಾಲೆಯ ಬಗ್ಗೆ ಬರೆಯೋಕೆ ಆಗಲ್ಲ. ಏಪ್ರಿಲ್ 7ರಿಂದ ಸುಮಾರು 100 ದಿನ. ಹುತು ಜನಾಂಗದ ಉಗ್ರರು ತುತ್ಸಿ ಜನಾಂಗದವರನ್ನು ಹುಡುಕಿ ಹುಡುಕಿ ಕೊಂದರು, ಜೊತೆಗೆ ಇದನ್ನು ಒಪ್ಪದ ಹುತುಗಳನ್ನೂ. ಸತ್ತವರು 8 ಲಕ್ಷದಿಂದ 10 ಲಕ್ಷದವರೆಗೆ ಅನ್ನುತ್ತಾರೆ. ಕರ್ನಾಟಕದ ಏಳನೇ ಒಂದು ಭಾಗದಷ್ಟೂ ಇಲ್ಲದ ನೆಲ ಇದು. ಕೊಲ್ಲೋಕೆ ಬಳಸಿದ್ದು ಹೆಚ್ಚಾಗಿ ಮಚ್ಚು. ಹಾಗಾಗಿ ಬದುಕಿ ಉಳಿದವರಲ್ಲಿ ಕೈ ಕಳೆದುಕೊಂಡವರು, ಕಾಲು ಕಳೆದುಕೊಂಡವರು, ತಲೆಗೆ ಏಟು ಬಿದ್ದು ಮಾತು ಹೋದವರು ಎಷ್ಟೋ ಜನ. ಓಡಲಾಗದವರು ಬಚ್ಚಿಟ್ಟುಕೊಳ್ಳಲೂ ಆಗಲಿಲ್ಲ. ಅದರ ಮೇಲೆ ನೆಲಬಾಂಬು. ದೇಶ ನೆಲಬಾಂಬಿನಿಂದ ಮುಕ್ತ ಅಂತ ಘೋಷಣೆಯಾಗಿದ್ದು 2009ರಲ್ಲಿ.

ಶಾಲೆಗೂ ಇದಕ್ಕೂ ಇರುವ ನಂಟು ಇನ್ನೂ ಆಳದ್ದು. ಹಳೆ ಕಾಲದ ತರಗತಿಗಳಲ್ಲಿ ಮೇಷ್ಟ್ರು ‘ತುತ್ಸಿ ಮಕ್ಕಳು ಎದ್ದು ನಿಲ್ಲಿ’ ಅನ್ನುತ್ತಿದ್ದರು. ತಾನು ಯಾರು ಅಂತ ಗೊತ್ತಿಲ್ಲದ ಮಗು ಮನೆಗೆ ಹೋಗಿ ಅಪ್ಪನನ್ನು ಕೇಳಿಕೊಂಡು ಬಂದು ಮಾರನೇ ದಿನ ನಿಲ್ಲಬೇಕಿತ್ತು. ಗುರುತಿನ ಚೀಟಿಯಲ್ಲಿ ಜನಾಂಗ ಬರೆಯುವ ಪದ್ಧತಿಯನ್ನು ಹಿಂದೆ ಇಲ್ಲಿ ಆಳುತ್ತಿದ್ದ ಬೆಲ್ಜಿಯಂನವರು ತಂದಿದ್ದರು. ಮುಂದೆ ರಸ್ತೆ ತಡೆಗಳಲ್ಲಿ ಆ ಚೀಟಿಯೇ ಜನರ ಜೀವ ತೆಗೆಯಿತು. ದಕ್ಷಿಣದ ಮುರಾಂಬಿಯಲ್ಲಿ ಕಟ್ಟುತ್ತಿದ್ದ ತಾಂತ್ರಿಕ ಶಾಲೆಯಲ್ಲಿ ಸಾವಿರಾರು ಜನರನ್ನು ಕೂಡಿಸಿ ಕೊಂದರು. ಆ ಕಟ್ಟಡದಲ್ಲಿ ಪಾಠ ನಡೆಯಲೇ ಇಲ್ಲ, ಈಗ ಅದು ಸ್ಮಾರಕ. ಮಕ್ಕಳನ್ನು ಎದ್ದು ನಿಲ್ಲಿಸಿ ಬೇರ್ಪಡಿಸಿದರೆ ಕೊನೆಗೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅನ್ನುವುದು ಈ ದೇಶಕ್ಕೆ ಮೈಯಿಂದ ಗೊತ್ತು. ಅದಕ್ಕೇ ಇಲ್ಲಿ ‘ಎಲ್ಲ ಮಕ್ಕಳೂ ಒಂದೇ ತರಗತಿ’ ಅನ್ನುವ ಮಾತಿಗೆ ಬೇರೆ ತೂಕ ಇದೆ ಅಂತ ನನಗನಿಸುತ್ತದೆ.

ಇನ್ನು ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಇಲ್ಲಿ ತಿಂಗಳ ಕೊನೆಯ ಶನಿವಾರ ಬೆಳಗ್ಗೆ ‘ಉಮುಗಾಂಡಾ’. ಊರಿನವರೆಲ್ಲ ಗುದ್ದಲಿ ಹಿಡಿದು ಚರಂಡಿ ತೋಡುವುದು, ರಸ್ತೆ ಸರಿ ಮಾಡುವುದು, ಗಿಡ ನೆಡುವುದು. ಕೆಲಸ ಮುಗಿದ ಮೇಲೆ ಮರದ ಕೆಳಗೆ ಸಭೆ. ವಿದೇಶಿಯರು ಹೋಗಲೇಬೇಕು ಅಂತಿಲ್ಲ, ನಾನು ಹೋಗುತ್ತೇನೆ. ಎರಡು ವರ್ಷದ ಹಿಂದೆ ಒಂದು ಸಭೆಯಲ್ಲಿ ಊರುಗೋಲು ಹಿಡಿದ ಒಬ್ಬರು ಎದ್ದರು. ಐವತ್ತು ದಾಟಿದ ವಯಸ್ಸು, ಬಲಗಾಲು ಮಂಡಿಯ ಕೆಳಗಿಲ್ಲ. ಶಾಲೆಯ ಗೇಟಿನ ಮುಂದೆ ಚರಂಡಿ ಮೇಲಿನ ಹಾಸುಗಲ್ಲು ಮುರಿದು ಮೂರು ವಾರವಾಯಿತು, ಗಾಲಿಕುರ್ಚಿಯ ಹುಡುಗನೊಬ್ಬ ಅವತ್ತಿನಿಂದ ಶಾಲೆಗೆ ಬಂದಿಲ್ಲ ಅಂದರು. ದನಿ ಏರಿಸಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಊರಿನ ಮುಖ್ಯಸ್ಥರು ಬರೆದುಕೊಂಡರು. ಮುಂದಿನ ತಿಂಗಳ ಉಮುಗಾಂಡಾದಲ್ಲಿ ನಾವೇ ನಾಲ್ಕು ಜನ ಹೊಸ ಕಲ್ಲು ಹಾಕಿದೆವು. ಅವರು ಯಾರು ಅಂತ ಪಕ್ಕದವರನ್ನು ಕೇಳಿದೆ. ‘ಅವರು ಚುನಾಯಿತರು’ ಅಂದರು.

ಚುನಾಯಿತರು ಅನ್ನುವ ಮಾತು ತಲೆಯಲ್ಲಿ ಉಳಿಯಿತು. ವಿಚಾರಿಸಿದಾಗ ವ್ಯವಸ್ಥೆ ಗೊತ್ತಾಯಿತು. ಅಂಗವಿಕಲರ ರಾಷ್ಟ್ರೀಯ ಪರಿಷತ್ತು ಅಂತ ಒಂದಿದೆ, ಅದಕ್ಕೆ 2011ರ ಕಾನೂನಿನ ಬಲ ಇದೆ. ಕೆಲವು ಹಳ್ಳಿ ಸೇರಿದರೆ ಒಂದು ‘ಅಕಗಾರಿ’. ಆ ಮಟ್ಟದಿಂದ ಸೆಕ್ಟರ್, ಜಿಲ್ಲೆ, ರಾಷ್ಟ್ರದವರೆಗೆ ಸಮಿತಿಗಳಿವೆ. ಅಂಗವಿಕಲರು ತಮ್ಮವರನ್ನು ತಾವೇ ಆರಿಸುತ್ತಾರೆ. ಮೇಲೆ ಸಂಸತ್ತಿನಲ್ಲೂ ಒಂದು ಕುರ್ಚಿ ಇದೆ. ಕೆಳಮನೆಯಲ್ಲಿ ಒಟ್ಟು 80 ಸ್ಥಾನ. 53ಕ್ಕೆ ನೇರ ಚುನಾವಣೆ, 24 ಮಹಿಳೆಯರಿಗೆ, 2 ಯುವಕರಿಗೆ, 1 ಅಂಗವಿಕಲರ ಪ್ರತಿನಿಧಿಗೆ. ಇದನ್ನು ಬರೆದಿದ್ದು 2003ರ ಸಂವಿಧಾನದಲ್ಲಿ, ಕೊಲೆ ನಿಂತು ಒಂಬತ್ತು ವರ್ಷಕ್ಕೆ. ದೇಶ ಆಗಿನ್ನೂ ಹೆಣ ಹುಡುಕಿ ಮಣ್ಣು ಮಾಡುತ್ತಿತ್ತು, ಊರೂರಿನ ಗಚಾಚಾ ನ್ಯಾಯಪಂಚಾಯ್ತಿಗಳು ಆಗಷ್ಟೇ ಕಣ್ಣು ಬಿಡುತ್ತಿದ್ದವು. ಅಂಗವಿಕಲರ ರಕ್ಷಣೆಯ ಕಾನೂನು ಬಂದಿದ್ದು 2007ರಲ್ಲಿ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿದ್ದು 2008ರಲ್ಲಿ. ಅಂದರೆ ಕುರ್ಚಿ ಮೊದಲು ಬಂತು, ಕಾನೂನು ಆಮೇಲೆ.

ನಮ್ಮಲ್ಲಿ ಇದು ತಿರುಗಾ ಮುರುಗಾ. ಕಾನೂನಿನ ಲೆಕ್ಕಕ್ಕೆ ಬಂದರೆ ಭಾರತ ಹಿಂದೆ ಇಲ್ಲವೇ ಇಲ್ಲ. ಅದೇ ಒಡಂಬಡಿಕೆಯನ್ನು ನಾವು ರುವಾಂಡಾಕ್ಕಿಂತ ಒಂದು ವರ್ಷ ಮೊದಲೇ, 2007ರಲ್ಲೇ ಒಪ್ಪಿದೆವು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಟ್ಟು ಗುರುತಿಸುತ್ತದೆ. ಸರ್ಕಾರಿ ಕೆಲಸದಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5 ಮೀಸಲು ಕೊಡುತ್ತದೆ. ಆದರೆ ನಮ್ಮ ವಿಧಾನಸಭೆಯ 224 ಸ್ಥಾನದಲ್ಲಿ ಅಂಗವಿಕಲರಿಗೆ ಅಂತ ಒಂದೂ ಇಲ್ಲ. ಲೋಕಸಭೆಯ 543ರಲ್ಲೂ ಇಲ್ಲ. 2011ರ ಗಣತಿ ಪ್ರಕಾರ ಕರ್ನಾಟಕದಲ್ಲೇ 13 ಲಕ್ಷಕ್ಕೂ ಜಾಸ್ತಿ ಅಂಗವಿಕಲರಿದ್ದರು. 13 ಲಕ್ಷ ಜನರ ಪರವಾಗಿ ಮಾತಾಡುವವರೆಲ್ಲ ಬೇರೆಯವರೇ. 2025ರಲ್ಲಿ ತಮಿಳುನಾಡು ಸ್ಥಳೀಯ ಸಂಸ್ಥೆಗಳಿಗೆ ಅಂಗವಿಕಲರನ್ನು ಸದಸ್ಯರಾಗಿ ನಾಮಕರಣ ಮಾಡುವ ಮಸೂದೆ ತಂದಾಗ ನಾನು ಆ ಸುದ್ದಿಯನ್ನು ತಂಗಿಗೆ ಕಳಿಸಿದೆ. ಅವಳ ಉತ್ತರ ಒಂದೇ ಸಾಲು: ‘ನಾಮಕರಣ ಮಾಡೋರು ಯಾರು, ಅವರೇ ಅಲ್ವಾ?’

ಅವಳು ಹಾಗೆ ಕೇಳೋಕೆ ಕಾರಣ ಇದೆ. ಅವಳು ನಮ್ಮ ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ವಿಆರ್‌ಡಬ್ಲ್ಯೂ ಅಂದರೆ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಕರ್ನಾಟಕದ ಈ ಯೋಜನೆ ಬಗ್ಗೆ ನನಗೆ ನಿಜವಾದ ಹೆಮ್ಮೆ ಇದೆ. ಪಂಚಾಯ್ತಿಗೆ ಒಬ್ಬರು, ಅವರೇ ಸ್ವತಃ ಅಂಗವಿಕಲರು. ಮನೆ ಮನೆಗೆ ಹೋಗಿ ಯಾರಿಗೆ ಪಿಂಚಣಿ ಬಂದಿಲ್ಲ, ಯಾವ ಮಗು ಶಾಲೆಗೆ ಹೋಗಿಲ್ಲ, ಯಾರಿಗೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಆಗಿಲ್ಲ ಅಂತ ನೋಡುತ್ತಾರೆ. ಇಲ್ಲಿನ ಗೆಳೆಯರಿಗೆ ಈ ಯೋಜನೆ ವಿವರಿಸಿದಾಗ ಕಣ್ಣರಳಿಸಿ ಕೇಳಿದ್ದಾರೆ. ಆದರೆ ತಂಗಿ ಆಯ್ಕೆಯಾದವಳಲ್ಲ, ಗೌರವಧನಕ್ಕೆ ನೇಮಕವಾದವಳು. ಪಂಚಾಯ್ತಿ ಸಭೆಯಲ್ಲಿ ಅವಳು ಅರ್ಜಿ ಕೊಡಬಹುದು, ಮತ ಹಾಕೋ ಹಾಗಿಲ್ಲ. ಕಚೇರಿಯ ಮುಂದಿನ ಮೂರು ಮೆಟ್ಟಿಲಿಗೆ ಇಳಿಜಾರು ಮಾಡಿಸೋಕೆ ಅವಳಿಗೆ ನಾಲ್ಕು ವರ್ಷ ಬೇಕಾಯಿತು. ಆ ನಾಲ್ಕು ವರ್ಷವೂ ಅವಳು ಆ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿದ್ದಾಳೆ, ಎದೆಗೆ ಬೇರೆಯವರ ಅರ್ಜಿಗಳನ್ನು ಅವುಚಿಕೊಂಡು. ಇಲ್ಲಿ ಊರುಗೋಲಿನ ಆ ಹಿರಿಯರು ಒಂದು ಮಾತು ಹೇಳಿದರು, ಒಂದು ತಿಂಗಳಿಗೆ ಕಲ್ಲು ಬಿತ್ತು. ವ್ಯತ್ಯಾಸ ದುಡ್ಡಿನದಲ್ಲ. ಒಂದು ಹಾಸುಗಲ್ಲಿಗೆ ಎಷ್ಟು ದುಡ್ಡು ಬೇಕು?

ಹಾಗಂತ ರುವಾಂಡಾದ ತರಗತಿ ಸ್ವರ್ಗ ಅಂತ ಬರೆದರೆ ಸುಳ್ಳಾಗುತ್ತೆ. ಕುರ್ಚಿ ಸಂಸತ್ತಿನಲ್ಲಿ ಸಿಕ್ಕಷ್ಟು ಬೇಗ ತರಗತಿಯಲ್ಲಿ ಸಿಕ್ಕಿಲ್ಲ.

ಮೊದಲು ನನ್ನ ತರಗತಿಯದೇ ಹೇಳುತ್ತೇನೆ. ನನ್ನ ಎರಡನೇ ವರ್ಷದಲ್ಲಿ ಮುಂದಿನ ಸಾಲಿನಲ್ಲಿ ಒಬ್ಬಳು ಹುಡುಗಿ ಕೂರುತ್ತಿದ್ದಳು. ಬರವಣಿಗೆ ಮುತ್ತಿನಂತೆ. ಬೋರ್ಡಿನ ಮೇಲಿದ್ದ ಲೆಕ್ಕವೆಲ್ಲ ಸರಿ, ಬಾಯಲ್ಲಿ ಕೇಳಿದ್ದೆಲ್ಲ ತಪ್ಪು. ಗಮನ ಇಲ್ಲ ಅಂದುಕೊಂಡೆ. ಮೂರು ತಿಂಗಳ ಒಂದು ಅವಧಿ ಪೂರ್ತಿ ಹೀಗೇ ಹೋಯಿತು. ಪರೀಕ್ಷೆ ಮುಗಿದ ಮೇಲೆ ಅವಳ ಅಮ್ಮ ಬಂದು ಹೇಳಿದರು: ಚಿಕ್ಕಂದಿನ ಜ್ವರದಿಂದ ಕಿವಿ ಮುಕ್ಕಾಲು ಪಾಲು ಹೋಗಿದೆ, ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ. ನಾನು ಪಾಠ ಮಾಡುವುದು ಬೋರ್ಡಿಗೆ ಮುಖ ಮಾಡಿ. ಬರೆಯುತ್ತಾ ಬರೆಯುತ್ತಾ ಮಾತಾಡುತ್ತೇನೆ. ಮೂರು ತಿಂಗಳು ಆ ಹುಡುಗಿ ನನ್ನ ಬೆನ್ನನ್ನು ನೋಡಿಕೊಂಡು ಕೂತಿದ್ದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಂಗಿಯನ್ನು ನೋಡಿಕೊಂಡೇ ಬೆಳೆದ ನನಗೇ ಇದು ಹೊಳೆಯಲಿಲ್ಲವಲ್ಲ ಅಂತ.

ಮಾರನೇ ದಿನದಿಂದ ತಿರುಗಿ ನಿಂತು ಮಾತಾಡಿದೆ. ಆದರೂ ಅವಳು ಪೂರ್ತಿ ಹಿಡಿಯುತ್ತಿರಲಿಲ್ಲ. ಯಾಕೆ ಅಂತ ಅವಳೇ ಒಂದು ಚೀಟಿಯಲ್ಲಿ ಬರೆದು ಕೊಟ್ಟಳು. ಅವಳು ಓದಲು ಕಲಿತಿದ್ದು ಕಿನ್ಯರ್ವಾಂಡಾ ಮಾತಾಡುವ ತುಟಿಗಳನ್ನು. ನಾನು ಮಾತಾಡುವುದು ಇಂಗ್ಲಿಷು, ಅದೂ ನಮ್ಮ ಹಾಸನದ ಇಂಗ್ಲಿಷು. ಅಮ್ಮನ ತುಟಿಯ ಮೇಲೆ ಅವಳು ಆ ಪದಗಳನ್ನು ಯಾವತ್ತೂ ಕಂಡಿಲ್ಲ. ರುವಾಂಡಾ 2008ರಲ್ಲಿ ಶಾಲೆಯ ಮಾಧ್ಯಮವನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ತಿರುಗಿಸಲು ತೀರ್ಮಾನಿಸಿತು. ಆಮೇಲೆ 2019ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಅಂತಾಯಿತು. ಇದರ ಪರ ವಿರೋಧ ಮಾತಾಡುವವರು ಕಿವಿ ಕೇಳುವ ಮಕ್ಕಳ ಬಗ್ಗೆಯೇ ಮಾತಾಡುತ್ತಾರೆ. ತುಟಿ ನೋಡಿ ಕಲಿಯುವ ಮಗುವಿಗೆ ಇದು ಒಮ್ಮೆಲೇ ಕಣ್ಣನ್ನೂ ಕಿತ್ತುಕೊಂಡ ಹಾಗೆ. ಬೆಂಗಳೂರಿನಲ್ಲಿ ಕಿವಿ ಮಂದ ಇರುವ ಮಕ್ಕಳನ್ನೂ ಹಟ ಹಿಡಿದು ಇಂಗ್ಲಿಷ್ ಮೀಡಿಯಂಗೆ ಸೇರಿಸುವ ಅಪ್ಪ ಅಮ್ಮಂದಿರನ್ನು ನೋಡಿದ್ದೇನೆ. ದಯವಿಟ್ಟು ಆ ಮಗುವಿನ ಎದುರು ಕೂತು ಒಮ್ಮೆ ಯೋಚಿಸಿ, ಮನೆಯಲ್ಲಿ ಅದು ಯಾವ ಭಾಷೆಯ ತುಟಿಗಳನ್ನು ನೋಡುತ್ತಿದೆ ಅಂತ.

ಇನ್ನು ಸಂಜ್ಞೆ ಭಾಷೆ. ಇಲ್ಲಿ ಅಧಿಕೃತ ಭಾಷೆಗಳು ನಾಲ್ಕು: ಕಿನ್ಯರ್ವಾಂಡಾ, ಇಂಗ್ಲಿಷ್, ಫ್ರೆಂಚ್, ಸ್ವಾಹಿಲಿ. ಕಿವುಡರ ಸಂಜ್ಞೆ ಭಾಷೆ ಆ ಪಟ್ಟಿಯಲ್ಲಿಲ್ಲ. ನಮ್ಮ ಎಂಟನೇ ಅನುಸೂಚಿಯ 22 ಭಾಷೆಗಳಲ್ಲೂ ಇಲ್ಲ. ಇಲ್ಲಿ ವಾಯವ್ಯದ ಬೆಟ್ಟಗಳ ನಡುವೆ ನ್ಯಾಬಿಹುವಿನಲ್ಲಿ ಕಿವುಡ ಮಕ್ಕಳ ಒಂದು ಮಾದರಿ ಶಾಲೆ ಇದೆ. ಅಂಥ ಶಾಲೆಗೆ ಸೇರಿದ ಮೇಲೆ ಎಷ್ಟೋ ಮಕ್ಕಳಿಗೆ ಮೊದಲ ಸಲ ಒಂದು ಭಾಷೆ ಸಿಗುತ್ತದೆ. ಅಲ್ಲಿಯವರೆಗೆ ಮನೆಯವರು ಕೈಸನ್ನೆಯಲ್ಲಿ ಹೇಳುವ ‘ಬಾ, ತಿನ್ನು, ಮಲಗು’ ಅಷ್ಟೇ ಅವರ ಲೋಕ.

ಎಲ್ಲರನ್ನೂ ಮಾಮೂಲಿ ಶಾಲೆಗೇ ಸೇರಿಸಬೇಕು ಅನ್ನುವ ಒಳ್ಳೆ ಮನಸ್ಸಿನವರ ಜೊತೆ ನಾನು ಇಲ್ಲಿ ಮಾತ್ರ ಸ್ವಲ್ಪ ತಕರಾರು ತೆಗೆಯುತ್ತೇನೆ. ಕಾಲಿಲ್ಲದ ಮಗುವಿಗೆ ಬೇಕಾದ್ದು ಇಳಿಜಾರು ಮತ್ತು ಗೆಳೆಯರು. ಕಿವುಡ ಮಗುವಿಗೆ ಬೇಕಾದ್ದು ತನ್ನ ಭಾಷೆ ಆಡುವ ಇನ್ನಷ್ಟು ಮಕ್ಕಳು. ಅರವತ್ತು ಕೇಳುವ ಮಕ್ಕಳ ನಡುವೆ ಒಂದೇ ಒಂದು ಕಿವುಡ ಮಗುವನ್ನು ಕೂರಿಸಿ ‘ಸೇರಿಸಿಕೊಂಡೆವು’ ಅಂದರೆ ಅದು ಅದರ ಒಂಟಿತನಕ್ಕೆ ಹಾಜರಿ ಹಾಕಿದಷ್ಟೇ ಆಯಿತು.

ಅರವತ್ತು ಅಂದೆನಲ್ಲ, ಅದು ಉತ್ಪ್ರೇಕ್ಷೆ ಅಲ್ಲ. ನಮ್ಮ ಮನೆ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಿದ್ದಾಗ ಎರಡನೇ ತರಗತಿಯಲ್ಲಿ 64 ತಲೆ ಎಣಿಸಿದೆ. ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಇನ್ನೊಂದು. ಕೊರೊನಾ ವರ್ಷದಲ್ಲಿ ಶಾಲೆ ಮುಚ್ಚಿದ್ದಾಗ ದೇಶ ಸಾವಿರಾರು ಹೊಸ ಕೊಠಡಿ ಕಟ್ಟಲು ಕೈ ಹಾಕಿತು, ಊರಿನವರೂ ಕಲ್ಲು ಇಟ್ಟಿಗೆ ಹೊತ್ತರು. ಈ ಶಾಲೆಯಲ್ಲೂ ಹೊಸ ಕೊಠಡಿಗಳಿವೆ, ಬಾಗಿಲಿಗೆ ಇಳಿಜಾರೂ ಇದೆ. ಆದರೆ ಇದು ಸಾವಿರ ಬೆಟ್ಟಗಳ ನಾಡು. ಶಾಲೆ ಇರುವುದು ಗುಡ್ಡದ ಪಕ್ಕೆಯಲ್ಲಿ. ನಮ್ಮ ಮಲೆನಾಡಿನ ಹಾಗೇ ಕೆಮ್ಮಣ್ಣು, ಮಳೆ ಬಂತೆಂದರೆ ಚಪ್ಪಲಿ ಕಿತ್ತುಕೊಳ್ಳುವ ಕೆಸರು. ಗಾಲಿಕುರ್ಚಿ ಇಳಿಜಾರನ್ನು ಹತ್ತುತ್ತೆ, ಇಳಿಜಾರಿನವರೆಗೆ ಬರುವುದು ಹೇಗೆ? ಎರಡನೇ ತರಗತಿಯಲ್ಲಿ ಕಣ್ಣು ಮಂಜಾದ ಒಬ್ಬ ಹುಡುಗ ಇದ್ದ. ಪಕ್ಕದ ಹುಡುಗ ಬೋರ್ಡಿನ ಮೇಲಿದ್ದುದನ್ನು ಅವನ ಕಿವಿಗೆ ಪಿಸುಗುಟ್ಟುತ್ತಿದ್ದ. ಯಾರೂ ಹೇಳಿಕೊಟ್ಟಿದ್ದಲ್ಲವಂತೆ. ಮೇಷ್ಟ್ರಿಗೆ ಗೊತ್ತಿತ್ತು, ಆ ಪಿಸುಮಾತಿಗೆ ಅವರು ಗದರುತ್ತಿರಲಿಲ್ಲ. 64 ಮಕ್ಕಳ ಮೇಷ್ಟ್ರು ಮಾಡಬಹುದಾದ ದೊಡ್ಡ ಕೆಲಸ ಅದು ಅಂತ ನನಗೆ ಅನಿಸಿತು. ಆದರೆ ಪಿಸುಗುಟ್ಟುವ ಹುಡುಗನಿಗೆ ಜ್ವರ ಬಂದ ದಿನ ಆ ಮಗುವಿಗೆ ಶಾಲೆ ಇಲ್ಲ.

ಸಾಮರ್ಥ್ಯ ಇಲ್ಲದ ದೇಶವಲ್ಲ ಇದು. ನ್ಯಾಂಜಾ ಹತ್ತಿರದ ಗತಗಾರದಲ್ಲಿ 1960ರಲ್ಲೇ ಒಬ್ಬ ಪಾದ್ರಿ ಅಂಗವಿಕಲ ಮಕ್ಕಳಿಗೆ ಮನೆ ತೆರೆದರು. ಜೋಸೆಫ್ ಫ್ರೇಪೋಂ ಅಂತ, ಬೆಲ್ಜಿಯಂನವರು. ಮುಂದೆ ಇಲ್ಲಿನವರೇ ಆಗಿ ಎನ್ದಗಿಜಿಮಾನಾ ಅಂತ ಹೆಸರು ಸೇರಿಸಿಕೊಂಡರು. ಕೃತಕ ಕಾಲು ಮಾಡುವುದು, ಶಸ್ತ್ರಚಿಕಿತ್ಸೆ, ಶಾಲೆ, ಎಲ್ಲವೂ ಅಲ್ಲಿ ಬೆಳೆಯಿತು. ಇವತ್ತಿಗೂ ಗತಗಾರ ಅಂದರೆ ಇಲ್ಲಿ ಹಳ್ಳಿಯ ಅಜ್ಜಿಗೂ ಗೊತ್ತು. ನಮ್ಮ ಗದಗದ ವೀರೇಶ್ವರ ಪುಣ್ಯಾಶ್ರಮ ನೆನಪಾಗುತ್ತೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಇಬ್ಬರಿಗೂ ಕಣ್ಣಿರಲಿಲ್ಲ, ನೂರಾರು ಕಣ್ಣಿಲ್ಲದ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದರು. ಅಲ್ಲಿ ಕಲಿಸುವವರೇ ಕಣ್ಣಿಲ್ಲದವರು. ಕನ್ನಡ ನಾಡಿಗೆ ಇದು ಹೊರಗಿನಿಂದ ಬಂದ ಪಾಠ ಅಲ್ಲ, ನಮ್ಮ ಹಿತ್ತಲಿನದೇ. ಮೈಸೂರಿನಲ್ಲಿ 1901ರಲ್ಲೇ ಕುರುಡ ಮತ್ತು ಕಿವುಡ ಮಕ್ಕಳ ಶಾಲೆ ಶುರುವಾಯಿತು. ರುವಾಂಡಾದಲ್ಲಿ ಆಗಿನ್ನೂ ಮಾಮೂಲಿ ಶಾಲೆಗಳೇ ಕಾಲಿಟ್ಟ ಹೊಸತು.

ಇನ್ನೊಂದು ವಿಷಯದಲ್ಲಿ ನಾವು ಗಟ್ಟಿ. ನಾವು ಜಗಳ ಆಡಬಹುದು. ಇಲ್ಲಿ ಸರ್ಕಾರದ ವಿರುದ್ಧ ಬೀದಿಗಿಳಿಯುವುದು ಸುಲಭದ ಮಾತಲ್ಲ, ಜನ ಅಳೆದು ತೂಗಿ ಮಾತಾಡುತ್ತಾರೆ. ಊರುಗೋಲಿನ ಹಿರಿಯರು ಹಾಸುಗಲ್ಲು ಕೇಳಬಹುದು, ಅದಕ್ಕಿಂತ ಮೇಲಿನದನ್ನು ಕೇಳುವಾಗ ದನಿ ಸಣ್ಣದಾಗುತ್ತೆ. ನಮ್ಮಲ್ಲಿ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ವಿಕಾಸ್ ಕುಮಾರ್ ಅನ್ನುವ ಯುಪಿಎಸ್‌ಸಿ ಅಭ್ಯರ್ಥಿ ಸುಪ್ರೀಂ ಕೋರ್ಟಿಗೆ ಹೋದರು. ಶೇ 40ರ ಪ್ರಮಾಣಪತ್ರ ಇಲ್ಲದಿದ್ದರೂ ಪರೀಕ್ಷೆ ಬರೆಯಲು ಸಹಾಯಕರನ್ನು ಪಡೆಯುವ ಹಕ್ಕು ಇದೆ ಅಂತ 2021ರಲ್ಲಿ ತೀರ್ಪು ಬಂತು. ಒಬ್ಬ ಮನುಷ್ಯ ಸರ್ಕಾರದ ಎದುರು ನಿಂತು ಗೆದ್ದ. ಇದರ ಬೆಲೆ ಹೊರನಾಡಿನಲ್ಲಿ ಕೂತವರಿಗೆ ಜಾಸ್ತಿ ಗೊತ್ತು.

ಹೀಗಿದ್ದೂ ನಮ್ಮಲ್ಲಿ ಅದೆಲ್ಲ ಕೊನೆಗೆ ದಾನದ ರೂಪಕ್ಕೆ ತಿರುಗಿಕೊಳ್ಳುತ್ತಲ್ಲ, ಅದು ನನಗೆ ನೋವು ಕೊಡುತ್ತದೆ. ತಂಗಿಗೆ ಹದಿನೇಳು ವರ್ಷವಾಗಿದ್ದಾಗ ಒಂದು ಶಿಬಿರದಲ್ಲಿ ತ್ರಿಚಕ್ರ ಸೈಕಲ್ ಕೊಟ್ಟರು. ಬಿಸಿಲಿನಲ್ಲಿ ನಾಲ್ಕು ಗಂಟೆ ಕೂರಿಸಿದರು. ಗಣ್ಯರು ಬಂದರು, ಹಾರ ಬಿತ್ತು, ಫೋಟೊ ಆಯಿತು. ಅವಳ ಕೈಯಳತೆಗೆ ಆ ಸೈಕಲ್ ಹೊಂದಲಿಲ್ಲ. ಹೊಂದುತ್ತಾ ಅಂತ ಯಾರೂ ಕೇಳಿರಲಿಲ್ಲ. ಅದು ಹಟ್ಟಿಯಲ್ಲಿ ತುಕ್ಕು ಹಿಡಿಯಿತು.

ಶಾಲೆಯಲ್ಲೂ ಯಾರೂ ಕೇಳಲಿಲ್ಲ. ಇದನ್ನು ಅವಳು ನನಗೆ ಹೇಳಿದ್ದೇ ಮೂವತ್ತು ದಾಟಿದ ಮೇಲೆ. ಪ್ರೌಢಶಾಲೆಗೆ ಹೋಗುವಾಗ ಬೆಳಗ್ಗೆ ಎದ್ದಾಗಿನಿಂದ ಸಂಜೆ ಮನೆಗೆ ಬರುವವರೆಗೆ ಅವಳು ನೀರು ಕುಡಿಯುತ್ತಿರಲಿಲ್ಲ. ಶೌಚಾಲಯ ಶಾಲೆಯ ಹಿಂದೆ ಐದು ಮೆಟ್ಟಿಲ ಕೆಳಗೆ, ಹಿಡಿದುಕೊಳ್ಳಲು ಏನೂ ಇಲ್ಲ. ಒಮ್ಮೆ ಬಿದ್ದಿದ್ದಳಂತೆ. ಆಮೇಲೆ ಮೂರು ವರ್ಷ ನೀರೇ ಕುಡಿಯಲಿಲ್ಲ. ಅದೇ ಶಾಲೆಯಲ್ಲಿ ಎರಡು ವರ್ಷ ಮುಂದಿನ ತರಗತಿಯಲ್ಲಿ ನಾನೂ ಇದ್ದೆ. ಮಧ್ಯಾಹ್ನ ನಲ್ಲಿಗೆ ಬಾಯಿಟ್ಟು ನೀರು ಕುಡಿಯುತ್ತಿದ್ದೆ. ಅಂಕಪಟ್ಟಿಯಲ್ಲಿ ಅವಳು ಉತ್ತಮ ವಿದ್ಯಾರ್ಥಿನಿ. ಸರ್ಕಾರದ ಲೆಕ್ಕದಲ್ಲಿ ಶಾಲೆಯೊಳಗಿದ್ದ ಮಗು.

ಕಿಗಾಲಿಯಲ್ಲಿ ನನ್ನನ್ನು ತುಂಬಾ ಅಲುಗಾಡಿಸಿದ್ದು ಒಂದು ಆಟ. ಕೂತು ಆಡುವ ವಾಲಿಬಾಲ್. ನೆಟ್ ಕೆಳಗಿರುತ್ತೆ, ಆಟಗಾರರು ನೆಲದ ಮೇಲೆ ಜಾರಿಕೊಂಡು ಆಡುತ್ತಾರೆ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ಗೆ ಈ ಆಟದಲ್ಲಿ ರುವಾಂಡಾದ ಪುರುಷರ ತಂಡ ಹೋಯಿತು. ಸಹಾರಾದ ಕೆಳಗಿನ ಆಫ್ರಿಕಾದಿಂದ ಹೋದ ಮೊದಲ ತಂಡ ಅದು. ಆ ತಂಡದಲ್ಲಿ ಡೊಮಿನಿಕ್ ಬಿಜಿಮಾನಾ ಮತ್ತು ಜಾಂ ರುಕುಂದೊ ಇದ್ದರು. ಯುದ್ಧದಲ್ಲಿ ಒಬ್ಬರು ಬಂಡುಕೋರ ಸೇನೆಯಲ್ಲಿ, ಇನ್ನೊಬ್ಬರು ಸರ್ಕಾರಿ ಸೇನೆಯಲ್ಲಿ. ಇಬ್ಬರೂ ಕಾಲು ಕಳೆದುಕೊಂಡವರು. ಒಂದು ಕಾಲದಲ್ಲಿ ಒಬ್ಬರ ಮೇಲೊಬ್ಬರು ಬಂದೂಕು ಹಿಡಿದ ಪಡೆಗಳವರು ಒಂದೇ ಕಡೆಯ ನೆಟ್ಟಿನಲ್ಲಿ ಕೂತು ಚೆಂಡು ಎತ್ತಿ ಕೊಟ್ಟರು. ಮುಂದೆ 2016ರಲ್ಲಿ ರಿಯೊಗೆ ಮಹಿಳೆಯರ ತಂಡ ಹೋಯಿತು.

ಕಳೆದ ವರ್ಷ ಒಂದು ಭಾನುವಾರ ಸ್ಥಳೀಯ ತಂಡಗಳ ಆಟ ನೋಡಲು ಹೋಗಿದ್ದೆ. ಹುಡುಗಿಯರ ಪಂದ್ಯ. ಆಟ ಶುರುವಾಗುವ ಮೊದಲು ಅವರು ಗೋಡೆ ಬದಿ ಕೂತು ಕೃತಕ ಕಾಲುಗಳ ಪಟ್ಟಿ ಬಿಚ್ಚಿದರು. ಚಪ್ಪಲಿ ಬಿಟ್ಟ ಹಾಗೆ ಸಾಲಾಗಿ ಇಟ್ಟರು. ಒಂದು ಕಾಲಿಗೆ ಹಳದಿ ಕಾಲುಚೀಲ, ಇನ್ನೊಂದಕ್ಕೆ ಇನ್ನೂ ಹೊಸ ಕ್ಯಾನ್ವಾಸ್ ಶೂ. ಆಮೇಲೆ ನಗುತ್ತಾ, ಒಬ್ಬರನ್ನೊಬ್ಬರು ತಳ್ಳುತ್ತಾ ಅಂಕಣಕ್ಕೆ ಜಾರಿದರು. ಚೆಂಡು ನೆಲಕ್ಕೆ ಬಡಿಯುವ ಸದ್ದು, ಅಂಗೈ ನೆಲಕ್ಕೆ ಉಜ್ಜುವ ಸದ್ದು. ನಾನು ಊರಿಗೆ ವಿಡಿಯೊ ಕರೆ ಮಾಡಿ ಫೋನನ್ನು ಅಂಕಣದ ಕಡೆ ಹಿಡಿದೆ. ಅಲ್ಲಿ ಸಂಜೆಯಾಗಿತ್ತು. ತಂಗಿ ಜಗಲಿ ಮೇಲೆ ಕೂತಿದ್ದಳು, ಅದೇ ಜಗಲಿ.

ಅವಳು ಮಾತಾಡದೆ ಸುಮ್ನೆ ನೋಡಿದಳು. ಒಂದು ಸೆಟ್ ಮುಗಿಯಿತು. ‘ಆ ಏಳನೇ ನಂಬರಿನವಳು ಚೆನ್ನಾಗಿ ಆಡ್ತಾಳೆ’ ಅಂದಳು. ಇನ್ನೂ ಸ್ವಲ್ಪ ಹೊತ್ತು ನೋಡಿ ಕೇಳಿದಳು: ‘ಇವರಿಗೆ ಟಾಯ್ಲೆಟ್ ಎಲ್ಲಿದೆ? ತೋರಿಸು.’

ಎದ್ದು ಹೋದೆ. ಅಂಕಣದ ಹಿಂದೆ ಒಂದು ಓಣಿ, ಅದರ ಕೊನೆಯಲ್ಲಿತ್ತು. ಮೆಟ್ಟಿಲಿರಲಿಲ್ಲ, ಸಿಮೆಂಟಿನ ಇಳಿಜಾರು. ಗೋಡೆಗೆ ಕಬ್ಬಿಣದ ಹಿಡಿ ಹಾಕಿದ್ದರು, ಕೈ ತಾಗಿ ತಾಗಿ ಸವೆದು ಹೊಳೆಯುತ್ತಿತ್ತು. ಬಾಗಿಲು ಮಾತ್ರ ಕಿರಿದು, ಗಾಲಿಕುರ್ಚಿ ಹೋಗುವಷ್ಟು ಅಗಲ ಕಾಣಲಿಲ್ಲ. ಫೋನನ್ನು ಒಳಗೆ ಹೊರಗೆ ತಿರುಗಿಸಿ ತೋರಿಸಿದೆ.

‘ಆ ಹಿಡಿ ನೆಲದಿಂದ ಎಷ್ಟು ಎತ್ತರ ಇದೆ?’ ಅಂದಳು. ‘ನಮ್ಮ ಹೈಸ್ಕೂಲಿಗೆ ಹೊಸದಾಗಿ ಕಟ್ತಿದ್ದಾರೆ. ಇಂಜಿನಿಯರ್ ನಾಳೆ ಬರ್ತಾರೆ. ಟೇಪ್ ಇಲ್ಲ ಅಂದ್ರೆ ಗೇಣು ಹಾಕಿ ಹೇಳು. ಬಾಗಿಲಿಂದೂ ಹೇಳು.’

ಫೋನನ್ನು ಕಿಟಕಿಯ ಅಂಚಿಗೆ ಒರಗಿಸಿ, ಗೋಡೆಗೆ ಗೇಣು ಹಾಕತೊಡಗಿದೆ. ಅವಳು ಅಲ್ಲಿಂದ ಎಣಿಸುತ್ತಿದ್ದಳು.